ಕಟ್ಟಿದವರು ಯಾರು, ಗುತ್ತಿಗೆ ಹಿಡಿದವರು ಯಾರು?



ಈಗ ಎಲ್ಲಿ ನೋಡಿದರೂ 'ಪರಿಸರಸ್ನೇಹಿ ಕಟ್ಟಡ' ಅನ್ನೋ ಮಾತು. ಮಣ್ಣಿನ ಗೋಡೆ, ಸುಣ್ಣದ ಗಾರೆ ಅಂತ ದೊಡ್ಡ ಊರಿನವರು ಪಾಠ ಹೇಳ್ತಾರೆ. ಹೇಳಲಿ. ಆದರೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ಈ ವಿದ್ಯೆ ಯಾರ ಕೈಯಲ್ಲಿತ್ತು, ಲಾಭ ಯಾರ ಮನೆ ಸೇರಿತು ಅನ್ನೋದನ್ನೂ ಕೇಳಬೇಕು.

ರಾಯಚೂರು ಕೋಟೆಯ ಒಳಗೋಡೆ ನೋಡ್ರಿ. 1294ರದು, ಕಾಕತೀಯರ ಕಾಲದ್ದು. ದೊಡ್ಡ ಕಲ್ಲುಗಳನ್ನು ಕೆತ್ತಿ, ಗಾರೆ ಇಲ್ಲದೆ ಕೂಡಿಸಿದ್ದಾರೆ. ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಶಾಸನವಿದೆ, ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಲು ಕೋಣಗಳು ಎಳೆಯುವ, ಹಿಂದಿನಿಂದ ಆಳುಗಳು ಗಾಲಿ ಮೀಟುವ ಚಿತ್ರವನ್ನೂ ಕೆತ್ತಿದ್ದಾರೆ. ಕಟ್ಟಿಸಿದವನಿಗೆ ಹೆಸರು ಉಳಿಯಿತು, ಎಳೆದವರಿಗೆ ಬರೀ ಚಿತ್ರ.

ದೇವದುರ್ಗ, ಮಾನ್ವಿ ಕಡೆಯ ಹಳೇ ಮಾಳಿಗೆ ಮನೆಗಳದ್ದೂ ಅದೇ ಕಥೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ನಮ್ಮ ಬ್ಯಾಸಿಗೆಯಲ್ಲೂ ಒಳಗೆ ತಂಪು. ಸಾಮಾನೆಲ್ಲ ಹತ್ತಿರದ ಹೊಲ, ಗುಡ್ಡದ್ದೇ. ಕಲ್ಲು ಒಡೆದವರು ಒಡ್ಡರು, ಮಣ್ಣು ತುಳಿದು ಹೊತ್ತವರಲ್ಲಿ ಮಾದಿಗರು, ಹೊಲೆಯರು. ನಿಜಾಮರ ಕಾಲದಲ್ಲಿ ಬಿಟ್ಟಿ ಚಾಕರಿ ಬೇರೆ. ವಾಡೆ ಕಟ್ಟಿದ ಕೈಗಳಿಗೆ ಕೇರಿಯಲ್ಲಿ ಮಳೆ ಬಂದರೆ ಕುಸಿಯುವ ಗುಡಿಸಲು. ಅದಕ್ಕೇ ಈಗ ಯಾರಾದರೂ 'ಮಣ್ಣಿನ ಮನೆಗೇ ವಾಪಸ್ ಹೋಗ್ರಿ' ಅಂದರೆ ಸಿಟ್ಟು ಬರ್ತದೆ. ಆರ್‌ಸಿಸಿ ಮನೆ ನಮ್ಮ ಕೇರಿಗೆ ಮರ್ಯಾದೆಯ ವಿಷಯ.

ಮುಂದೆ ಕಟ್ಟೋ ಕೆಲಸ ಸರ್ಕಾರಿ ಗುತ್ತಿಗೆಯಾಯಿತು. ಕೂಲಿ ನಮ್ಮದು, ಬಿಲ್ಲು ಬೇರೆಯವರದು. ಬಾಬಾಸಾಹೇಬರು ಇದನ್ನು 1942ರಲ್ಲೇ ಗುರುತಿಸಿದ್ದರು. ವೈಸರಾಯ್‌ಗೆ ಕೊಟ್ಟ ಮನವಿಯಲ್ಲಿ, ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲಿ ಪರಿಶಿಷ್ಟರಿಗೂ ಪಾಲು ಬೇಕು ಅಂತ ಕೇಳಿದರು. ನಮ್ಮ ರಾಜ್ಯ ಅದಕ್ಕೆ ಕಾನೂನು ತರಲು 2017 ಬರಬೇಕಾಯಿತು: 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95. 2023ರಲ್ಲಿ ಈ ಮಿತಿ 1 ಕೋಟಿಗೆ ಏರಿತು.

ಈ ನಡುವೆ ಕಾಂಕ್ರೀಟಿನ ಹಸಿವು ಹೊಳೆಗೆ ಬಾಯಿ ಹಾಕಿತು. ದೇವದುರ್ಗದಲ್ಲಿ ಕೃಷ್ಣೆ, ಮಾನ್ವಿಯಲ್ಲಿ ತುಂಗಭದ್ರೆ. ಉಸುಕು ಹೋದರೆ ಹೊಳೆಯ ತಳ ಇಳೀತದೆ, ದಂಡೆಯ ಬಾವಿ ಬತ್ತುತ್ತದೆ. ಮೊದಲು ನೀರಿಗೆ ಕೊಡ ಹಿಡಿದು ಅಲೆಯುವವರು ಕೇರಿಯ ಹೆಣ್ಣುಮಕ್ಕಳೇ. ಐದು ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತ್ತು. ಆದರೂ 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲೂಕಿನಲ್ಲಿ ಅಕ್ರಮ ಉಸುಕು ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿಯೊಬ್ಬರು ಉಸುಕಿನ ಲಾರಿಗೆ ಸಿಕ್ಕಿ ಸತ್ತರು.

ಹಾಗಾದರೆ ದಾರಿ ಏನು? ಒಂದು ದಾರಿ ನಮ್ಮ ಬಾಗಿಲಲ್ಲೇ ಇದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ 1,720 ಮೆಗಾವ್ಯಾಟ್. ಕರೆಂಟು ರಾಜ್ಯಕ್ಕೆಲ್ಲ ಹೋಗ್ತದೆ, ಬೂದಿ ಇಲ್ಲೇ ಉಳೀತದೆ. ಆ ಹಾರುಬೂದಿಗೆ ಸುಣ್ಣ ಅಥವಾ ಸಿಮೆಂಟು, ಕ್ರಷರ್ ಪುಡಿ ಸೇರಿಸಿ ಒತ್ತಿದರೆ ಇಟ್ಟಂಗಿ ಆಗ್ತದೆ. ಭಟ್ಟಿ ಸುಡಬೇಕಿಲ್ಲ, ಹೊಲದ ಮೇಲ್ಮಣ್ಣು ಅಗೆಯಬೇಕಿಲ್ಲ. 1999ರಲ್ಲೇ ಕೇಂದ್ರ ಸರ್ಕಾರ ವಿದ್ಯುತ್ ಕೇಂದ್ರದ 50 ಕಿ.ಮೀ. ಸುತ್ತಲಿನ ಇಟ್ಟಂಗಿಯಲ್ಲಿ ಬೂದಿ ಬಳಸಬೇಕು ಅಂತ ಅಧಿಸೂಚನೆ ಹೊರಡಿಸಿತು. ಆಮೇಲೆ ಕಟ್ಟಡ ಕಟ್ಟುವವರನ್ನೂ ಸೇರಿಸಿ ಅದು 100 ಕಿ.ಮೀ. ಆಯಿತು, 2016ರಲ್ಲಿ 300. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಇದರೊಳಗೇ ಬರ್ತವೆ.

ಕಚೇರಿ ಕಾಗದ ನೋಡೋ ಕೆಲಸದವನು ನಾನು, ಅದಕ್ಕೇ ಹೇಳ್ತೀನಿ: ಕಟ್ಟಡದ ಹಣೆಬರಹ ಬರೆಯೋದು ಎಸ್ಟಿಮೇಟಿನಲ್ಲಿ. ನಿಮ್ಮೂರಿನ ಅಂಬೇಡ್ಕರ್ ಭವನ, ಹಾಸ್ಟೆಲ್, ಅಂಗನವಾಡಿಯ ಎಸ್ಟಿಮೇಟು ಮತ್ತು ಎಂ.ಬಿ. ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ರಿ. ಯಾವ ಇಟ್ಟಂಗಿ ಬರೆದಿದ್ದಾರೆ? ಉಸುಕಿಗೆ ಪರ್ಮಿಟ್ ಇದೆಯೇ? ಮೀಸಲು ಕಾಮಗಾರಿ ನಿಜವಾಗಿ ನಮ್ಮ ಹುಡುಗರು ಮಾಡ್ತಿದ್ದಾರೋ, ಅವರ ಹೆಸರಲ್ಲಿ ಬೇರೆಯವರೋ?

ನಮ್ಮ ಗುತ್ತಿಗೆದಾರ ಬಂಧುಗಳಿಗೂ ಒಂದು ಮಾತು. ಮೀಸಲಾತಿ ಹೋರಾಟದಿಂದ ಬಂದದ್ದು. ಕದ್ದ ಉಸುಕಿನಲ್ಲಿ ಅದನ್ನು ಕಟ್ಟಬೇಡ್ರಿ. ಬೂದಿ ಇಟ್ಟಂಗಿ ಹಾಕ್ರಿ, ಬೂದಿ ಹೊರುವ ಕೂಲಿಗಳಿಗೆ ಮಾಸ್ಕು ಕೊಡ್ರಿ, ಕೂಲಿ ಚುಕ್ತಾ ಮಾಡ್ರಿ. ಉದ್ಘಾಟನೆಯ ಕಲ್ಲಿನಲ್ಲಿ ಶಾಸಕರ ಹೆಸರಿನ ಕೆಳಗೆ ಗೌಂಡಿಗಳ ಹೆಸರನ್ನೂ ಬರೆಸ್ರಿ.

ಜೈ ಭೀಮ್.