ಬಿಎನ್‌ಪಿ ಪೆಪ್ಟೈಡ್
ಬಿಎನ್‌ಪಿ ಎಂಬುದು ಮುಖ್ಯವಾಗಿ ಹೃದಯದ ಕೆಳಕೋಣೆಗಳಾದ ಹೃತ್ಕುಕ್ಷಿಗಳು ಸ್ರವಿಸುವ, 32 ಅಮೈನೊ ಆಮ್ಲಗಳಿಂದಾದ ಪೆಪ್ಟೈಡ್ ಹಾರ್ಮೋನು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲಿಗೆ ಹಂದಿಯ ಮಿದುಳಿನಲ್ಲಿ ಗುರುತಿಸಿದರು. ಹೆಸರಿನ ‘ಬಿ’ ಅಕ್ಷರವು ‘ಬ್ರೈನ್’ ಪದದಿಂದ ಬಂದಿದೆ.

ಹೃದಯಾಘಾತದಲ್ಲಿ ಸ್ನಾಯುವಿನ ಒಂದು ಭಾಗ ಸತ್ತಾಗ ಉಳಿದ ಭಾಗದ ಮೇಲೆ ಹೊರೆ ಹೆಚ್ಚಿ ಹೃತ್ಕುಕ್ಷಿಯ ಗೋಡೆ ಹಿಗ್ಗುತ್ತದೆ. ಆಗ ಬಿಡುಗಡೆಯಾಗುವ ಬಿಎನ್‌ಪಿಯು ಮೂತ್ರದ ಮೂಲಕ ಸೋಡಿಯಂ ಮತ್ತು ನೀರನ್ನು ಹೊರಹಾಕಿಸಿ, ರಕ್ತನಾಳಗಳನ್ನು ಹಿಗ್ಗಿಸಿ ಆ ಹೊರೆಯನ್ನು ತಗ್ಗಿಸುತ್ತದೆ. ಹೃದಯ ವೈಫಲ್ಯದಲ್ಲಿ ಈ ರಕ್ಷಣೆ ಸಾಲದಾಗುತ್ತದೆಯಾದರೂ ರಕ್ತದಲ್ಲಿ ಏರಿದ ಬಿಎನ್‌ಪಿ ಪ್ರಮಾಣವು ರೋಗಪತ್ತೆಗೆ ನೆರವಾಗುತ್ತದೆ.

ಹಠಾತ್ ಉಸಿರಾಟದ ತೊಂದರೆಯುಳ್ಳವರಲ್ಲಿ ಇದು ಮಿಲಿಲೀಟರಿಗೆ 100 ಪಿಕೊಗ್ರಾಂಗಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ಕಡಿಮೆ. ಆದರೆ ಸ್ಥೂಲಕಾಯದವರಲ್ಲಿ ಮಟ್ಟವು ತಗ್ಗಿಯೂ, ಮೂತ್ರಪಿಂಡದ ಕಾಯಿಲೆಯಲ್ಲಿ ಹೆಚ್ಚಿಯೂ ಇರಬಹುದಾದ್ದರಿಂದ ಈ ಪರೀಕ್ಷೆಯೊಂದೇ ನಿರ್ಣಾಯಕವಲ್ಲ.