ಆಸ್ಟರಿಸ್ಕ್ ಸರ್ವರ್: ವರ್ಚುವಲ್ ಯಂತ್ರದ ಗಾತ್ರ ಬದಲಾವಣೆ

ಕಚೇರಿಗಳ ದೂರವಾಣಿ ವ್ಯವಸ್ಥೆ ನಡೆಸುವ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶವನ್ನು 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ರೂಪಿಸಿದರು. ಅದನ್ನು ವರ್ಚುವಲ್ ಯಂತ್ರದಲ್ಲಿ ಇರಿಸಿದ್ದರೆ ಕರೆಗಳ ಹೊರೆ ನೋಡಿಕೊಂಡು ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳ ಪಾಲನ್ನು ಬದಲಿಸಬಹುದು. ಸಾಮಾನ್ಯವಾಗಿ ಮೊದಲು ಗಮನಿಸಬೇಕಾದದ್ದು ಪ್ರೊಸೆಸರ್. ಧ್ವನಿಯನ್ನು ಡಿಜಿಟಲ್ ಸಂಕೇತವಾಗಿಸುವ ಜಿ.711 ಕೋಡೆಕ್‌ನ ಧ್ವನಿ ಬಹುಮಟ್ಟಿಗೆ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್‌ನಂತೆ ಸಾಗುತ್ತದೆ. ಪ್ರೊಸೆಸರ್ ತಡಮಾಡಿ ಈ ಸರದಿ ತಪ್ಪಿದರೆ ಮಾತು ತುಂಡಾಗುತ್ತದೆ. ಒಂದು ಕೋಡೆಕ್‌ನಿಂದ ಇನ್ನೊಂದಕ್ಕೆ ಪರಿವರ್ತಿಸಬೇಕಾಗಿ ಬಂದರಂತೂ ಹೊರೆ ಇನ್ನೂ ಏರುತ್ತದೆ. ಹಾಗೆಂದು ಕೋರ್‌ಗಳನ್ನು ಸುರಿಯುವುದು ಜಾಣತನವಲ್ಲ. ಹಲವು ವರ್ಚುವಲ್ ಯಂತ್ರಗಳಿಂದ ಕಿಕ್ಕಿರಿದ ಹೋಸ್ಟ್‌ನಲ್ಲಿ ಹೆಚ್ಚು ಕೋರ್‌ಗಳ ಯಂತ್ರವೇ ಹೆಚ್ಚು ಕಾಯಬೇಕಾದೀತು. ಕರೆಗಳ ಧ್ವನಿಮುದ್ರಣ ಡಿಸ್ಕನ್ನು ತುಂಬಿಸುತ್ತದೆ: 8 ಕಿಲೋಹರ್ಟ್ಸ್, 16 ಬಿಟ್‌ನ ವೇವ್ ಕಡತಕ್ಕೆ ನಿಮಿಷಕ್ಕೆ ಸುಮಾರು 1 ಎಂಬಿ ಬೇಕು. ಡಿಸ್ಕ್ ಹಿಗ್ಗಿಸಿದ ಮೇಲೆ ಒಳಗಿನ ಪಾರ್ಟಿಷನ್, ಕಡತ ವ್ಯವಸ್ಥೆಗಳನ್ನೂ ವಿಸ್ತರಿಸಬೇಕು. ಕುಗ್ಗಿಸುವುದು ಮಾತ್ರ ತೊಡಕಿನ ಕೆಲಸ.