ಚೌಡದಾನಪುರದ ಹೊಳೆದಂಡೆ

ರಾಣಿಬೆನ್ನೂರು ತಾಲೂಕಿನ ಚೌಡದಾನಪುರಕ್ಕೆ ಹೋದವರು ಮುಕ್ತೇಶ್ವರನ ಗುಡಿಯನ್ನು ಕಂಡು ಹಿಂದಿರುಗುವುದೇ ವಾಡಿಕೆ. ಅಲ್ಲಿಂದ ತುಂಗಭದ್ರೆಯ ದಂಡೆಗಿಳಿದು ನಾಲ್ಕು ಹೆಜ್ಜೆ ನಡೆಯುವವರು ವಿರಳ. ಈ ಕ್ಷೇತ್ರದ ವೃತ್ತಾಂತವಾದರೋ ಆ ದಂಡೆಯನ್ನು ಬಿಟ್ಟು ಪೂರ್ತಿಯಾಗದು.

ಗುಡಿಯ ಮಾತನ್ನು ಮೊದಲು ಹೇಳುವೆವು. ಬಳಪದ ಕಲ್ಲಿನ ಈ ಏಕಕೂಟ ದೇಗುಲವು ಕಲ್ಯಾಣ ಚಾಲುಕ್ಯರ ಶೈಲಿಯದು. ಇಲ್ಲಿಯ ಎತ್ತರವಾದ ಶಿಲಾಶಾಸನಗಳಲ್ಲಿ ಗುತ್ತವೊಳಲಿನ, ಎಂದರೆ ಇಂದಿನ ಗುತ್ತಲದ, ಗುತ್ತರಸರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತನ ವಂಶಜರೆಂದು ಕರೆದುಕೊಂಡಿರುವರು. ಚಾಲುಕ್ಯರಿಗೂ ಬಳಿಕ ಸೇವುಣರಿಗೂ ಸಾಮಂತರಾಗಿದ್ದವರಿಗೆ ಅಷ್ಟು ದೂರದ ಪೂರ್ವಜನು ಬೇಕಾದುದು ಸಹಜವೇ! 1225ರಲ್ಲಿ ಇಲ್ಲಿಗೆ ಬಂದು ನೆಲಸಿದ ಶಿವದೇವನೆಂಬ ತಪಸ್ವಿಯ ಸಂಗತಿಯೂ ಅವುಗಳಲ್ಲುಂಟು.

ಆದರೆ ಊರಿನ ಹೆಸರು ಗುತ್ತರಸರದಲ್ಲ, ಶಿವದೇವನದೂ ಅಲ್ಲ, ಅಂಬಿಗರ ಚೌಡಯ್ಯನದು. 12ನೆಯ ಶತಮಾನದ ಈ ಶರಣನು ಹುಟ್ಟು ಹಿಡಿದು ದೋಣಿ ನಡೆಯಿಸಿದವನು. ವಚನಗಳಿಗೆ ಇಷ್ಟದೈವದ ಹೆಸರನ್ನಿಡದೆ ತನ್ನ ಹೆಸರನ್ನೇ ಅಂಕಿತವಾಗಿಟ್ಟ ದಿಟ್ಟನು. ಊರು ಅವನಿಗೆ ದಾನವಾಗಿ ಬಂದುದರಿಂದ ಚೌಡಯ್ಯದಾನಪುರವೆನಿಸಿತೆಂಬುದು ಐತಿಹ್ಯ. ಅವನ ಐಕ್ಯಸ್ಥಾನವೆಂದು ಜನರು ತೋರಿಸುವ ಕಲ್ಲಿನ ಮಂಟಪವು ಹೊಳೆಯಂಚಿನಲ್ಲಿರುವುದು. ಅರಸರ ಶಾಸನಗಳಿಗೆ ಗುಡಿಯ ಆಶ್ರಯವುಂಟು; ಅಂಬಿಗನ ಮಂಟಪವು ಏರಿಬರುವ ನೀರಿಗೆ ಮೈಯೊಡ್ಡಿ ನಿಂತಿದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಅತ್ತ ಹೋಗುವ ವಾಚಕರು ದಂಡೆಯವರೆಗೂ ನಡೆದು ಅದನ್ನು ನೋಡಿಬರಲಿ.